ಎಲ್ಲಿಂದ ಕೇಳಿದಿರಿ? ಪಿಂಗ್, ಟ್ರೇಸ್‌ರೂಟ್ ಮತ್ತು ಮೂಲ ವಿಳಾಸದ ಆಯ್ಕೆ

ಡೆಟ್ರಾಯಿಟ್‌ನ ಹೊರವಲಯದ ಮನೆಯಲ್ಲಿ ಕುಳಿತು ಶಿಕಾಗೋದ ಆಸ್ಪತ್ರೆಯೊಂದರ ಸಿ.ಟಿ. ಚಿತ್ರಗಳನ್ನು ರಾತ್ರಿಪಾಳಿಯಲ್ಲಿ ಓದುವ ಕೆಲಸವನ್ನು ನಾನು ಕೆಲವು ವರ್ಷ ಮಾಡಿದ್ದೇನೆ. ಜನವರಿಯ ಒಂದು ರಾತ್ರಿ, ಪಾರ್ಶ್ವವಾಯುವಿನ ಶಂಕೆಯಿದ್ದ ರೋಗಿಯೊಬ್ಬರ ಮೆದುಳಿನ ಚಿತ್ರ ತೆರೆದುಕೊಳ್ಳಲಿಲ್ಲ. ಇಂಥ ರೋಗಿಗೆ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಅದಕ್ಕೆ ಮೊದಲು ಮೆದುಳಿನಲ್ಲಿ ರಕ್ತಸ್ರಾವವಾಗಿಲ್ಲವೆಂದು ಯಾರಾದರೂ ಚಿತ್ರ ನೋಡಿ ಹೇಳಬೇಕು. ಒಂದೊಂದು ನಿಮಿಷದ ವಿಳಂಬಕ್ಕೂ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂಬ ಲೆಕ್ಕ ವೈದ್ಯರಿಗೆಲ್ಲ ಗೊತ್ತಿರುವುದೇ.

ಚಿತ್ರಗಳಿದ್ದ ಸರ್ವರಿನ ವಿಳಾಸ 10.0.0.23. ಅದಕ್ಕೆ ಪಿಂಗ್ ಮಾಡಿದೆ. ತಡವಿಲ್ಲದೆ ಉತ್ತರ ಬಂತು: 2 ಮಿಲಿಸೆಕೆಂಡು, 2 ಮಿಲಿಸೆಕೆಂಡು, ಮತ್ತೆ 2. ಸಂಪರ್ಕ ಸರಿಯಿದೆ, ನಿಮ್ಮ ಸರ್ವರಿನಲ್ಲೇ ಏನೋ ಕೆಟ್ಟಿದೆ ಎಂದು ಫೋನಿನಲ್ಲಿದ್ದ ತಂತ್ರಜ್ಞನಿಗೆ ವೈದ್ಯರಿಗೆ ಸಹಜವಾದ ಖಚಿತ ದನಿಯಲ್ಲಿ ಹೇಳಿದೆ. ಆತ ಇಪ್ಪತ್ತು ನಿಮಿಷ ಅಲ್ಲಿ ಇಲ್ಲದ ದೋಷವನ್ನು ಹುಡುಕಿದ. ಅಷ್ಟರಲ್ಲಿ ಆಸ್ಪತ್ರೆಯಲ್ಲೇ ಇದ್ದ ಸಹೋದ್ಯೋಗಿಯೊಬ್ಬರು ಚಿತ್ರ ಓದಿದ್ದರಿಂದ ರೋಗಿಗೆ ಕೇಡಾಗಲಿಲ್ಲ. ಕೊನೆಗೆ ತಂತ್ರಜ್ಞ ಒಂದು ಪ್ರಶ್ನೆ ಕೇಳಿದ: ನೀವು ಪಿಂಗ್ ಮಾಡಿದ್ದು ಯಾವ ಇಂಟರ್‌ಫೇಸಿನಿಂದ? ನನಗೆ ಉತ್ತರ ತಿಳಿದಿರಲಿಲ್ಲ. ಅಷ್ಟು ಹೊತ್ತು ನನಗೆ ಉತ್ತರಿಸುತ್ತಿದ್ದದ್ದು ನಮ್ಮ ಮನೆಯ ಬೇಸ್‌ಮೆಂಟಿನ ಪ್ರಿಂಟರು.

ಅನುಮಾನ ಬರಬೇಕಾಗಿದ್ದ ಸುಳಿವು ಕಣ್ಣೆದುರೇ ಇತ್ತು. ಡೆಟ್ರಾಯಿಟ್‌ಗೂ ಶಿಕಾಗೋಗೂ ಸುಮಾರು 450 ಕಿಲೋಮೀಟರು ದೂರ. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. ಹೋಗಿ ಬರಲು 900 ಕಿಲೋಮೀಟರು ಎಂದರೆ ನಾಲ್ಕೂವರೆ ಮಿಲಿಸೆಕೆಂಡಿನಷ್ಟು ಬೇಕು. ನಡುವಿನ ರೌಟರುಗಳು ಒಂದು ಕ್ಷಣವೂ ತಡಮಾಡದಿದ್ದರೂ 2 ಮಿಲಿಸೆಕೆಂಡಿನಲ್ಲಿ ಶಿಕಾಗೋದಿಂದ ಉತ್ತರ ಬರಲಾರದು.

ಹೀಗೇಕಾಯಿತು? 1996ರ ಒಂದು ಮಾನಕದ ಪ್ರಕಾರ, ಖಾಸಗಿ ಜಾಲಗಳಲ್ಲಿ ಯಾರು ಬೇಕಾದರೂ ಬಳಸಬಹುದಾದ ಮೂರು ವಿಳಾಸ ಗುಂಪುಗಳಿವೆ. 10ರಿಂದ ಆರಂಭವಾಗುವುದು ಅವುಗಳಲ್ಲಿ ಒಂದು. ಆಸ್ಪತ್ರೆ ಅದನ್ನೇ ಬಳಸುತ್ತಿತ್ತು. ಆ ವಾರ ಮನೆಗೆ ತಂದಿದ್ದ ಹೊಸ ರೌಟರು ಕೂಡ 10.0.0 ಎಂದು ಆರಂಭವಾಗುವ ವಿಳಾಸಗಳನ್ನೇ ಹಂಚಿತ್ತು. ನನ್ನ ಕಂಪ್ಯೂಟರಿಗೆ ಎರಡು ಬಾಗಿಲುಗಳಿದ್ದವು: ಮನೆಯ ವೈಫೈ ಒಂದು, ಆಸ್ಪತ್ರೆಗೆ ಹೋಗುವ ವಿಪಿಎನ್ ಸುರಂಗ ಇನ್ನೊಂದು. ಇಂಥ ಬಾಗಿಲಿಗೇ ಇಂಟರ್‌ಫೇಸ್ ಎಂದು ಹೆಸರು. ಸುರಂಗದ ನಿಯಮ, 10ರಿಂದ ಆರಂಭವಾಗುವುದೆಲ್ಲ ಈ ಕಡೆ ಎಂದಿತ್ತು. ವೈಫೈ ನಿಯಮ, 10.0.0 ಇದ್ದದ್ದು ಈ ಕಡೆ ಎಂದಿತ್ತು. ಎರಡೂ ಅನ್ವಯಿಸುವಾಗ ಹೆಚ್ಚು ನಿರ್ದಿಷ್ಟವಾದದ್ದೇ ಗೆಲ್ಲುತ್ತದೆ. ಪ್ರಶ್ನೆ ಮನೆಯೊಳಗೇ ಸುತ್ತಿತು.

ಮೈಕ್ ಮ್ಯೂಸ್ 1983ರ ಡಿಸೆಂಬರಿನಲ್ಲಿ ಪಿಂಗ್ ಬರೆದಾಗ ಅದಕ್ಕೆ ಜಲಾಂತರ್ಗಾಮಿಗಳ ಸೋನಾರ್ ಸದ್ದಿನ ಹೆಸರಿಟ್ಟರು. ಆ ಹೋಲಿಕೆಯೇ ನಮ್ಮನ್ನು ತುಸು ದಾರಿ ತಪ್ಪಿಸುತ್ತದೆ. ಸೋನಾರ್ ಹಡಗಿನಿಂದ ಹೊರಡುವುದು ಎಲ್ಲರಿಗೂ ಕಾಣುತ್ತದೆ. ಪಿಂಗ್ ಮಾಡುವಾಗ ನಾವು ಗುರಿಯನ್ನಷ್ಟೇ ಹೇಳುತ್ತೇವೆ. ಎಲ್ಲಿಂದ ಹೊರಡಬೇಕೆಂಬುದನ್ನು ಕಂಪ್ಯೂಟರು ತಾನೇ ನಿರ್ಧರಿಸಿಕೊಳ್ಳುತ್ತದೆ. ಮೊದಲು ಗುರಿಯನ್ನು ನೋಡಿ ಬಾಗಿಲನ್ನು ಆರಿಸುತ್ತದೆ. ಬಳಿಕ ಆ ಬಾಗಿಲಿನ ವಿಳಾಸವನ್ನು ಮೂಲ ವಿಳಾಸವೆಂದು ಬರೆಯುತ್ತದೆ.

ಇವೆರಡೂ ಬೇರೆ ಬೇರೆ ಆಯ್ಕೆಗಳೆಂಬುದು ಮುಖ್ಯ. ಮೂಲ ವಿಳಾಸವು ಲಕೋಟೆಯ ಮೇಲೆ ಬರೆಯುವ 'ಇವರಿಂದ' ಎಂಬ ಸಾಲಿನಂತೆ. ಉತ್ತರ ಅಲ್ಲಿಗೆ ಮರಳುತ್ತದೆ. ಇಂಟರ್‌ಫೇಸ್ ಎಂದರೆ ಲಕೋಟೆಯನ್ನು ಹಾಕುವ ಅಂಚೆಪೆಟ್ಟಿಗೆ. 'ಇವರಿಂದ' ಸಾಲನ್ನು ತಿದ್ದಿದ ಮಾತ್ರಕ್ಕೆ ಪೆಟ್ಟಿಗೆ ಬದಲಾಗದು.

ಲಿನಕ್ಸ್‌ನ ಪಿಂಗ್‌ನಲ್ಲಿ ಅಡ್ಡಗೆರೆಯೊಂದಿಗೆ ದೊಡ್ಡಕ್ಷರದ ಐ ಬರೆದು, ಅದರ ಮುಂದೆ ಇಂಟರ್‌ಫೇಸಿನ ಹೆಸರು ಕೊಟ್ಟರೆ ಪ್ಯಾಕೆಟ್ ಆ ಬಾಗಿಲಿನಿಂದಲೇ ಹೊರಡುತ್ತದೆ. ಅದೇ ಜಾಗದಲ್ಲಿ ವಿಳಾಸ ಕೊಟ್ಟರೆ ಮೂಲ ವಿಳಾಸ ಮಾತ್ರ ಬದಲಾಗುತ್ತದೆ. ಬಾಗಿಲನ್ನು ಮಾಮೂಲಿನಂತೆ ಗುರಿಯೇ ನಿರ್ಧರಿಸುತ್ತದೆ. ಒಂದೇ ಅಕ್ಷರಕ್ಕೆ ಎರಡು ಅರ್ಥ! ಸುರಂಗದ ವಿಳಾಸವನ್ನು ಕೊಟ್ಟು ಸುರಂಗವನ್ನೇ ಪರೀಕ್ಷಿಸಿದೆವೆಂದು ನಂಬುವವರು ಎಡವುವುದು ಇಲ್ಲೇ. ಮ್ಯಾಕ್‌ನಲ್ಲಿ ಗೊಂದಲ ಕಡಿಮೆ: ದೊಡ್ಡಕ್ಷರದ ಎಸ್ ವಿಳಾಸಕ್ಕೆ, ಚಿಕ್ಕಕ್ಷರದ ಬಿ ಇಂಟರ್‌ಫೇಸಿಗೆ. ವಿಂಡೋಸ್‌ನಲ್ಲಿ ದೊಡ್ಡಕ್ಷರದ ಎಸ್ ಮಾತ್ರ ಇದೆ. ಆದರೆ ವಿಸ್ಟಾದಿಂದ ಈಚೆಗೆ ವಿಂಡೋಸ್, ಒಂದು ವಿಳಾಸದ ಪ್ಯಾಕೆಟ್ಟನ್ನು ಆ ವಿಳಾಸವಿರುವ ಬಾಗಿಲಿನಿಂದಲೇ ಕಳುಹಿಸುವ ಕಟ್ಟುನಿಟ್ಟನ್ನು ಪಾಲಿಸುತ್ತದೆ. ಲಿನಕ್ಸ್‌ನ ಟ್ರೇಸ್‌ರೂಟ್‌ನಲ್ಲಿ ಚಿಕ್ಕಕ್ಷರದ ಎಸ್ ವಿಳಾಸಕ್ಕೆ, ಚಿಕ್ಕಕ್ಷರದ ಐ ಇಂಟರ್‌ಫೇಸಿಗೆ. ಅಂದು ಟ್ರೇಸ್‌ರೂಟ್ ಓಡಿಸಿದ್ದರೂ ಸಾಕಿತ್ತು. ಶಿಕಾಗೋಗೆ ಹೋಗುವ ದಾರಿ ಒಂದೇ ಸಾಲಿನಲ್ಲಿ ಮುಗಿದಿದ್ದನ್ನು ಕಂಡು ನಾನೂ ಎಚ್ಚೆತ್ತುಕೊಳ್ಳುತ್ತಿದ್ದೆ.

ಬಾಗಿಲೂ ವಿಳಾಸವೂ ಹೊಂದದಿದ್ದರೆ ಇನ್ನೊಂದು ತೊಂದರೆಯಿದೆ. ಮನೆಗೆ ಎರಡು ಕಂಪನಿಗಳ ಸಂಪರ್ಕವಿದೆಯೆನ್ನಿ. ಒಂದರ ವಿಳಾಸ ಬರೆದ ಪ್ಯಾಕೆಟ್ ಇನ್ನೊಂದರ ಮೂಲಕ ಹೊರಟರೆ, ಆ ಕಂಪನಿ ಅದನ್ನು ಸುಳ್ಳು ವಿಳಾಸವೆಂದು ಎಸೆಯಬಹುದು. ಸುಳ್ಳು ಮೂಲ ವಿಳಾಸಗಳಿಂದ ನಡೆಯುವ ದಾಳಿಗಳನ್ನು ತಡೆಯಲು ಹೀಗೆ ಸೋಸಬೇಕೆಂದು 2000ದ ಮೇ ತಿಂಗಳ ಶಿಫಾರಸೊಂದು ಹೇಳುತ್ತದೆ. ಆಗ 'ಉತ್ತರವಿಲ್ಲ' ಎಂಬ ಸಾಲಿಗೆ ದೂರದ ಸರ್ವರು ಕಾರಣವಲ್ಲ.

ವೈದ್ಯರಿಗೆ ಇದು ಹೊಸ ಪಾಠವಾಗಬೇಕಿರಲಿಲ್ಲ. ಎಡತೋಳಿಗೆ ಹೋಗುವ ಸಬ್‌ಕ್ಲೇವಿಯನ್ ಧಮನಿ ಕಿರಿದಾಗಿದ್ದರೆ ಆ ತೋಳಿನ ರಕ್ತದೊತ್ತಡ ಕಡಿಮೆ ಕಾಣುತ್ತದೆ. ಆ ಅಂಕಿ ತಪ್ಪಲ್ಲ, ಅದು ಆ ತೋಳಿನದು; ಅದನ್ನು ರೋಗಿಯ ರಕ್ತದೊತ್ತಡವೆಂದು ಬರೆದುಕೊಂಡರೆ ತಪ್ಪು. ಆದ್ದರಿಂದಲೇ ಹೊಸ ರೋಗಿಯ ಎರಡೂ ತೋಳುಗಳಲ್ಲಿ ಅಳೆಯಿರಿ ಎಂದು ಕಿರಿಯರಿಗೆ ಹೇಳುತ್ತಾ ಬಂದಿದ್ದೇನೆ.

ಈಗ ಪಿಂಗ್‌ಗೆ ಮೊದಲು ಇನ್ನೊಂದು ಆಜ್ಞೆ ಕೊಡುತ್ತೇನೆ. ಲಿನಕ್ಸ್‌ನಲ್ಲಿ 'ಐಪಿ ರೂಟ್ ಗೆಟ್' ಎಂದು ಬರೆದು ಗುರಿಯ ವಿಳಾಸ ಸೇರಿಸಿದರೆ, ಯಾವ ಬಾಗಿಲು, ಯಾವ ಮೂಲ ವಿಳಾಸ ಎಂಬುದನ್ನು ಒಂದು ಪ್ಯಾಕೆಟ್ಟನ್ನೂ ಕಳುಹಿಸದೆ ಹೇಳುತ್ತದೆ. ಮ್ಯಾಕ್‌ನಲ್ಲಿ 'ರೂಟ್ ಗೆಟ್' ಬಾಗಿಲನ್ನು ತೋರಿಸುತ್ತದೆ. ವಿಂಡೋಸ್‌ನಲ್ಲಿ 'ರೂಟ್ ಪ್ರಿಂಟ್' ಕೊಡುವ ಪಟ್ಟಿಯನ್ನು ನಾವೇ ಓದಬೇಕು. ಮನೆಯಿಂದ ಕಚೇರಿಯ ಕೆಲಸ ಮಾಡುವ ಓದುಗರು ಮನೆಯ ರೌಟರು ಯಾವ ವಿಳಾಸಗಳನ್ನು ಹಂಚುತ್ತಿದೆಯೆಂದು ಒಮ್ಮೆ ನೋಡಿಕೊಳ್ಳಲಿ. ಕಚೇರಿಯದೂ ಅದೇ ಆಗಿದ್ದರೆ ಮನೆಯದನ್ನು ಬದಲಿಸುವುದು ಹತ್ತು ನಿಮಿಷದ ಕೆಲಸ. ನಾನು 192.168.57ಕ್ಕೆ ಬದಲಿಸಿದ್ದೇನೆ. ಅದಾದ ಮೇಲೆ ಪ್ರಿಂಟರನ್ನು ಮತ್ತೆ ಹೊಂದಿಸುವುದಕ್ಕೆ ಮಾತ್ರ ಒಂದು ಇಡೀ ಭಾನುವಾರ ಹಿಡಿಯಿತು.