ಪರಸ್ಥಳದಲ್ಲಿ ಮರಣ: ಕುಟುಂಬದ ಹಕ್ಕುಗಳು

ಪುಣೆಯಿಂದ ಅಹಮದನಗರ, ಅಂದರೆ ಈಗಿನ ಅಹಿಲ್ಯಾನಗರದ ಹೆದ್ದಾರಿಯಲ್ಲಿ ಸುಮಾರು 70 ಕಿಲೋಮೀಟರು ಸಾಗಿದರೆ ಘೋಡ ನದಿಯ ದಂಡೆಯ ಮೇಲೆ ಶಿರೂರು ಇದೆ. ಹಳಬರ ಬಾಯಲ್ಲಿ ಅದು ಘೋಡನದಿ. ಅದಕ್ಕೂ ಮುನ್ನ ಸಿಗುವ ರಾಂಜಣಗಾಂವಿನಲ್ಲಿ ಅಷ್ಟವಿನಾಯಕರಲ್ಲೊಬ್ಬನಾದ ಮಹಾಗಣಪತಿಯೂ ಉಂಟು, ದೊಡ್ಡ ಕೈಗಾರಿಕಾ ವಸಾಹತೂ ಉಂಟು. ವಿಜಯಪುರ, ಕಲಬುರಗಿ, ಬೀದರಗಳ ಕಡೆಯಿಂದ ದುಡಿಮೆಯನ್ನರಸಿ ಇತ್ತ ಬರುವವರಿದ್ದಾರೆ. ಲಾರಿಗಳ ಸಾಲು ಹಗಲಿರುಳೂ ಕಡಿಯದ ಈ ರಸ್ತೆಯಲ್ಲಿ ರಾತ್ರಿ ಪಾಳಿ ಮುಗಿಸಿ ಹೊರಟವನು ಕೋಣೆ ಸೇರದಿದ್ದರೆ, ಊರಿನಲ್ಲಿರುವ ತಾಯಿಗೂ ಹೆಂಡತಿಗೂ ಸುದ್ದಿ ತಲುಪುವುದು ದೂರವಾಣಿಯಲ್ಲಿ. ಧಾವಿಸಿ ಬಂದವರು ಶವ ಪಡೆದು, ತಿಳಿಯದ ಮರಾಠಿ ಕಾಗದಗಳಿಗೆ ಹೆಬ್ಬೆಟ್ಟೊತ್ತಿ, ಅಂದೇ ಊರಿಗೆ ಮರಳುತ್ತಾರೆ. ಮುಂದೆ ಪರಿಹಾರದ ಮಾತೆತ್ತಿದರೆ, ಪುಣೆಯ ಕೋರ್ಟಿಗೆ ಅಲೆಯುವವರು ಯಾರು ಎಂಬ ನಿಟ್ಟುಸಿರು.

ಅಲೆಯಬೇಕಾಗಿಲ್ಲ. 1988ರ ಮೋಟಾರು ವಾಹನ ಕಾಯಿದೆಗೆ 1994ರಲ್ಲಿ ಬಂದ ತಿದ್ದುಪಡಿಯಿಂದ, ಅಪಘಾತ ಎಲ್ಲಿಯೇ ನಡೆದಿರಲಿ, ಅರ್ಜಿದಾರರು ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲಿಯೇ ಪರಿಹಾರ ಕೋರಬಹುದು. ಸಾವು ಶಿರೂರಿನ ಹದ್ದಿನಲ್ಲಿ ಸಂಭವಿಸಿದ್ದರೂ ವಿಜಯಪುರದ ವಿಧವೆ ವಿಜಯಪುರದಲ್ಲಿಯೇ ಅರ್ಜಿ ಹಾಕಬಹುದು. ಕನ್ನಡ ಬಲ್ಲ ವಕೀಲ, ಕನ್ನಡದಲ್ಲಿ ಸಾಕ್ಷ್ಯ. ಮರಾಠಿಯ ಪೊಲೀಸು ಕಾಗದಗಳಿಗೆ ಭಾಷಾಂತರ ಮಾಡಿಸಿದರೆ ಸಾಕು. ಇಷ್ಟು ಉಪಯುಕ್ತವಾದ ಈ ಅನುಕೂಲವು ಅಗತ್ಯವಿರುವವರ ಕಿವಿಗೆ ತಲುಪುವುದು ಅಪರೂಪ.

ಇನ್ನು ಮೊತ್ತದ ಪ್ರಶ್ನೆ. 2022ರ ಏಪ್ರಿಲ್ 1ರಿಂದ, ತಪ್ಪು ಯಾರದೆಂದು ರುಜುವಾತು ಮಾಡದೆಯೇ ಮರಣಕ್ಕೆ 5 ಲಕ್ಷ ರೂಪಾಯಿ ಪಡೆಯುವ ಅವಕಾಶವಿದೆ. ಆದರೆ ಅದನ್ನು ಒಪ್ಪಿಕೊಂಡರೆ ನ್ಯಾಯಮಂಡಳಿಯ ಅರ್ಜಿ ಅಲ್ಲಿಗೇ ರದ್ದಾಗುತ್ತದೆ. ತಿಂಗಳಿಗೆ 15,000 ರೂಪಾಯಿ ಗಳಿಸುತ್ತಿದ್ದ, ಕಾಯಂ ನೌಕರಿಯಿಲ್ಲದ 30 ವರ್ಷದ ಕೆಲಸಗಾರನೊಬ್ಬನನ್ನು ಊಹಿಸಿಕೊಳ್ಳೋಣ. ಅವನನ್ನು ನಂಬಿದವರು ತಾಯಿ, ಹೆಂಡತಿ, ಇಬ್ಬರು ಮಕ್ಕಳು. ಸರ್ವೋಚ್ಚ ನ್ಯಾಯಾಲಯವು 2009ರಲ್ಲಿಯೂ 2017ರಲ್ಲಿಯೂ ಹಾಕಿಕೊಟ್ಟ ಸೂತ್ರದಂತೆ ಭವಿಷ್ಯದ ಏಳಿಗೆಗೆಂದು ಶೇಕಡಾ 40 ಕೂಡಿಸಿದರೆ 21,000. ಅವನ ಸ್ವಂತ ಖರ್ಚಿನ ಕಾಲು ಭಾಗ ಕಳೆದರೆ 15,750. ಅದನ್ನು ವರ್ಷದ 12 ತಿಂಗಳಿಂದಲೂ, ಆ ವಯಸ್ಸಿಗೆ ನಿಗದಿಯಾದ 17ರಿಂದಲೂ ಗುಣಿಸಿದರೆ 32,13,000 ರೂಪಾಯಿ. ಅಂತ್ಯಕ್ರಿಯೆ ಮೊದಲಾದ ಬಾಬುಗಳು ಬೇರೆ. ಸವಾರನದೂ ತಪ್ಪಿದ್ದರೆ ಮೊತ್ತ ತಗ್ಗೀತು, ನಿಜ. ಎದುರು ಚಾಲಕನ ಅಜಾಗರೂಕತೆಯನ್ನು ತೋರಿಸುವ ಹೊಣೆಯೂ ಕುಟುಂಬದ್ದೇ. ಆದರೂ ಈ ಲೆಕ್ಕವನ್ನು ಹಾಕಿ ನೋಡದೆ, ಶವಾಗಾರದ ಬಾಗಿಲಲ್ಲಿ ಕಾದು ನಿಂತ ಮಧ್ಯಸ್ಥರ ಮಾತಿಗೆ ಸಹಿ ಹಾಕುವುದು ಮಕ್ಕಳ ಅನ್ನವನ್ನು ಕೈಯಾರೆ ಚೆಲ್ಲಿದಂತೆ.

ಅರ್ಜಿಯ ಬಲವೆಲ್ಲ ಮೊದಲ ದಿನಗಳ ಕಾಗದಗಳಲ್ಲಿದೆ. ಪ್ರಥಮ ವರ್ತಮಾನ ವರದಿ, ಸ್ಥಳ ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಸಂಬಳದ ಚೀಟಿ, ವಯಸ್ಸಿನ ದಾಖಲೆ ಇವಿಷ್ಟನ್ನೂ ಜೋಪಾನ ಮಾಡಬೇಕು. 2022ರ ನಿಯಮಗಳಂತೆ ಪೊಲೀಸರು 48 ಗಂಟೆಗಳೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನಗಳೊಳಗೆ ಸವಿಸ್ತಾರ ವರದಿಯನ್ನೂ ನ್ಯಾಯಮಂಡಳಿಗೆ ಸಲ್ಲಿಸಬೇಕು. ಅರ್ಜಿಗೆ ಆರು ತಿಂಗಳ ಗಡುವೂ ಅದೇ ವರ್ಷ ಬಂದಿತು. ಗಡುವು ಮೀರಿತೆಂಬ ಒಂದೇ ಕಾರಣಕ್ಕೆ ಅರ್ಜಿಗಳನ್ನು ತಳ್ಳಿಹಾಕಬಾರದೆಂದು ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರಿನಲ್ಲಿ ಆದೇಶಿಸಿತಾದರೂ ಅದು ಮಧ್ಯಂತರ ಆದೇಶ. ಅದನ್ನು ನೆಚ್ಚಿ ಕೂರುವುದು ಜಾಣತನವಲ್ಲ. ಡಿಕ್ಕಿ ಹೊಡೆದ ವಾಹನದ ಸುಳಿವೇ ಸಿಗದಿದ್ದರೆ 2 ಲಕ್ಷ ರೂಪಾಯಿಯ ಯೋಜನೆಯೊಂದುಂಟು. ಅದಕ್ಕೆ ಮಾತ್ರ ಅಪಘಾತ ನಡೆದ ತಾಲ್ಲೂಕಿನ ಅಥವಾ ಉಪವಿಭಾಗದ ಕಂದಾಯ ಅಧಿಕಾರಿಗೆ ಬರೆದುಕೊಳ್ಳಬೇಕು.

ಕಾರ್ಖಾನೆಯೊಳಗೆ ಯಂತ್ರಕ್ಕೆ ಸಿಕ್ಕಿ ಸತ್ತವನ ದಾರಿ ಬೇರೆ. 1923ರ ಪರಿಹಾರ ಕಾಯಿದೆಯ ಸ್ಥಾನಕ್ಕೆ 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಮರಣ ಪರಿಹಾರವನ್ನು ಮಾಲೀಕರು ಸಂಬಂಧಪಟ್ಟ ಅಧಿಕಾರಿಯಲ್ಲಿಯೇ ಠೇವಣಿ ಇಡಬೇಕೆಂಬುದು ಹಳೆಯ ಕಾಯಿದೆಯಿಂದಲೂ ನಡೆದು ಬಂದ ಕ್ರಮ. ಗುತ್ತಿಗೆದಾರನು ಕೈಗಿತ್ತ ಲಕೋಟೆಯಿಂದ ಹಕ್ಕು ತೀರಿಹೋಗದು. ರಾಜ್ಯ ವಿಮೆಗೆ ಒಳಪಟ್ಟವನಾಗಿದ್ದರೆ ಆಶ್ರಿತರಿಗೆ ಮಾಸಿಕ ಸಹಾಯ ದೊರೆಯುತ್ತದೆ. ಆಗ ಮಾಲೀಕರಿಂದ ಪ್ರತ್ಯೇಕ ಪರಿಹಾರ ಕೇಳಲಾಗದು.

ಆಸ್ಪತ್ರೆಯಲ್ಲಾದ ಸಾವಿಗೆ ಪುಣೆಯದೇ ಹಳೆಯ ನಿದರ್ಶನವಿದೆ. 1953ರ ಮೇ ತಿಂಗಳಲ್ಲಿ ರತ್ನಾಗಿರಿ ಜಿಲ್ಲೆಯ ಪಾಲಶೇತದ ಕಡಲ ತಡಿಯಲ್ಲಿ ತೊಡೆಯ ಮೂಳೆ ಮುರಿದುಕೊಂಡ ತರುಣನನ್ನು ಪುಣೆಗೆ ತಂದರು. ತಕ್ಕ ಅರಿವಳಿಕೆಯಿಲ್ಲದೆ ಬಲ ಹಾಕಿ ಮೂಳೆ ಕೂಡಿಸಲಾಯಿತು. ಅಂದು ರಾತ್ರಿಯೇ ಅವನು ತೀರಿಕೊಂಡ. ತಂದೆಗೆ ದೊರೆತದ್ದು 3,000 ರೂಪಾಯಿ; ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿದದ್ದು 1968ರ ಮೇ 2ರಂದು. ಪ್ರತಿ ಸಾವೂ ವೈದ್ಯರ ತಪ್ಪಲ್ಲ. ಸಾಧಾರಣ ಎಚ್ಚರ, ಸಾಧಾರಣ ಕೌಶಲ ತಪ್ಪಿತೇ ಎಂಬುದಷ್ಟೇ ಪ್ರಶ್ನೆ. ಶುಲ್ಕ ತೆತ್ತ ಚಿಕಿತ್ಸೆಗೆ 1995ರ ತೀರ್ಪಿನ ಬಳಿಕ ಗ್ರಾಹಕ ನ್ಯಾಯದ ಬಾಗಿಲು ತೆರೆದಿದೆ. ಗಡುವು ಎರಡು ವರ್ಷ. 2019ರ ಕಾಯಿದೆಯಂತೆ ಅಲ್ಲಿಯೂ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿ ದೂರು ಕೊಡಬಹುದು. ಚಿಕಿತ್ಸೆಯ ದಾಖಲೆಗಳನ್ನು ಲಿಖಿತವಾಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಸಂಶಯವಿದ್ದರೆ ಮರಣೋತ್ತರ ಪರೀಕ್ಷೆಯನ್ನು ಬೇಡವೆನ್ನಬಾರದು. ಅದು ಎಷ್ಟೇ ಸಂಕಟದ ಮಾತಾದರೂ, ದಹನವಾದ ಮೇಲೆ ಸಾಕ್ಷ್ಯ ಮರಳಿ ಬಾರದು.

ವಕೀಲರ ಶುಲ್ಕದ ಅಂಜಿಕೆಯಿಂದ ಹಿಂದೆಗೆಯುವವರೂ ಇದ್ದಾರೆ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಮಹಿಳೆಯರಿಗೂ ಮಕ್ಕಳಿಗೂ, ಅವರ ಆದಾಯವೆಷ್ಟೇ ಇರಲಿ, ಉಚಿತ ವಕೀಲರ ನೆರವುಂಟು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ, ಮರಣದ ದಾಖಲೆಗಳೊಡನೆ ಅರ್ಜಿ ಬರೆದುಕೊಟ್ಟರಾಯಿತು.