ಮೈಕು ಕಿವಿಗೆ, ಕೈ ಪೇಟಿಗೆ

ಪೇಟಿ ನುಡಿಸುತ್ತ ಹಾಡುವವನಿಗೆ ಇರುವುದು ಎರಡೇ ಕೈ. ಎಡಗೈ ತಿದಿ ಒತ್ತುತ್ತಿರಬೇಕು, ಬಲಗೈ ಮನೆಗಳ ಮೇಲೆ ಓಡುತ್ತಿರಬೇಕು. ಮೈಕು ಹಿಡಿಯಲು ಮೂರನೆಯ ಕೈ ಎಲ್ಲಿಂದ ತಂದಾನು? ಅದಕ್ಕೇ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಅವನ ಬಾಯಿಯ ಮುಂದೆ ನಿಲ್ಲಿಸುತ್ತಾರೆ. ಅವನೋ ಹಾಡಿನ ಭರದಲ್ಲಿ ತಬಲಾದವನ ಕಡೆಗೆ ತಿರುಗುತ್ತಾನೆ, ಸಮಕ್ಕೆ ಬರುವಾಗ ತಲೆ ತೂಗುತ್ತಾನೆ. ಆ ಕ್ಷಣಕ್ಕೆ ಹಿಂದಿನ ಸಾಲಿನವರಿಗೆ ಕೇಳುವುದು ಬರೀ ಪೇಟಿ! ಕಿವಿಗೆ ಸಿಕ್ಕಿಸಿಕೊಳ್ಳುವ ತಂತಿಯಿಲ್ಲದ ಮೈಕು ಹುಟ್ಟಿದ್ದೇ ಇಂಥವರಿಗಾಗಿ ಎನ್ನಬೇಕು.

ಗದಗ-ಬೆಟಗೇರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಹುಟ್ಟಿನಿಂದಲೇ ದೃಷ್ಟಿ ಇಲ್ಲದಿದ್ದ ಪಂಚಾಕ್ಷರಿ ಗವಾಯಿಗಳು (1892-1944), ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914-2010) ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಇರುವ ಊರು ಇದು. ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನದ ಜೊತೆ ಸಂಗೀತವನ್ನೂ ಕೊಟ್ಟ ಸಂಸ್ಥೆ. ಇಲ್ಲಿ ಕಲಿತವರು ನಾಡಿನ ತುಂಬ ಹರಡಿದ್ದಾರೆ. ಶ್ರಾವಣ ಬಂತೆಂದರೆ ಮಠಮಠಗಳಲ್ಲಿ ತಿಂಗಳ ಪುರಾಣ. ಪ್ರವಚನಕಾರರ ಪಕ್ಕದಲ್ಲಿ ಒಬ್ಬ ಗವಾಯಿ, ಒಬ್ಬ ತಬಲಾ. ಉಳಿದ ದಿನಗಳಲ್ಲಿ ಮದುವೆ, ತೊಟ್ಟಿಲು, ಪುಣ್ಯತಿಥಿ, ಜಾತ್ರೆ. ಶಿರಹಟ್ಟಿಯ ಫಕೀರೇಶ್ವರ ಮಠ, ಮುಂಡರಗಿಯ ಅನ್ನದಾನೀಶ್ವರ ಮಠ, ಲಕ್ಷ್ಮೇಶ್ವರದ ಸೋಮೇಶ್ವರನ ಗುಡಿ ಎಂದು ಹಾಡಲು ಜಾಗಕ್ಕೇನೂ ಕೊರತೆಯಿಲ್ಲ. ಇತ್ತೀಚೆಗೆ ಕೀಬೋರ್ಡು ಒಂದನ್ನೇ ಬೈಕಿಗೆ ಕಟ್ಟಿಕೊಂಡು ಹೋಗಿ, ತಾಳವನ್ನೂ ಅದರಿಂದಲೇ ಹೊರಡಿಸಿ, ಇಡೀ ಸಂಜೆ ಒಬ್ಬನೇ ನಡೆಸಿಕೊಡುವವರೂ ಇದ್ದಾರೆ. ಇವರೆಲ್ಲರ ಹೊಟ್ಟೆಪಾಡು ನಿಂತಿರುವುದು ಗಂಟಲಿನ ಮೇಲೆ.

ಗಂಟಲಿಗೂ ಮೈಕಿಗೂ ಏನು ಸಂಬಂಧ ಎಂದು ಕೇಳಬಹುದು. ಗದ್ದಲದ ನಡುವೆ ಮಾತನಾಡುವವನು ತನಗೇ ಅರಿವಿಲ್ಲದೆ ದನಿ ಏರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ತೋರಿಸಿದ. ತನ್ನ ದನಿ ತನಗೆ ಕೇಳದ ಹಾಡುಗಾರನೂ ಅಷ್ಟೇ, ಕಿರುಚತೊಡಗುತ್ತಾನೆ. ಒಂದು ರಾತ್ರಿಯಾದರೆ ಸರಿ. ಮೂವತ್ತು ರಾತ್ರಿ ಹೀಗೆ ಹಾಡಿದರೆ ಶ್ರಾವಣ ಮುಗಿಯುವ ಮೊದಲೇ ಗಂಟಲು ಕಟ್ಟುತ್ತದೆ. ಗವಾಯಿಗೆ ಗಂಟಲು ಕಟ್ಟಿದರೆ ಒಲೆಯೂ ಆರಿದಂತೆಯೇ.

ಮೈಕಿಲ್ಲದ ಕಾಲದಲ್ಲಿ ಹಾಡುತ್ತಿರಲಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಹಾಡುತ್ತಿದ್ದರು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದುಗಿನದೇ. ಪಂಚಾಕ್ಷರಿ ಗವಾಯಿಗಳೂ ಶಿಷ್ಯರ ಹೊಟ್ಟೆ ಹೊರೆಯಲು ನಾಟಕ ಕಂಪನಿ ಕಟ್ಟಿದವರೇ. ಕಂಪನಿ ನಾಟಕದ ನಟರು ಏರುಶ್ರುತಿ ಹಿಡಿದು ಕಡೆಯ ಸಾಲಿನ ನಾಲ್ಕಾಣೆ ಗಿರಾಕಿಗೂ ಪದ ಮುಟ್ಟಿಸುತ್ತಿದ್ದರು. ಆದರೆ ಆಗ ಥೇಟರಿನ ಹೊರಗೆ ಟ್ರ್ಯಾಕ್ಟರು, ಜನರೇಟರು, ಪಕ್ಕದ ಓಣಿಯ ಡಿ.ಜೆ. ಇರಲಿಲ್ಲ ಎಂಬುದನ್ನು ಮರೆಯಬಾರದು.

ಇನ್ನು ವಿಜ್ಞಾನದ ಮಾತು. ಬಯಲಿನಲ್ಲಿ ಶಬ್ದದ ಮೂಲದಿಂದ ದೂರ ಎರಡರಷ್ಟಾದರೆ ಶಬ್ದದ ಒತ್ತಡ ಅರ್ಧಕ್ಕೆ ಇಳಿಯುತ್ತದೆ; ಡೆಸಿಬೆಲ್ ಲೆಕ್ಕದಲ್ಲಿ 6ರಷ್ಟು. ಸ್ಟ್ಯಾಂಡಿನ ಮೈಕು ಬಾಯಿಯಿಂದ 15 ಸೆಂಟಿಮೀಟರ್ ದೂರ ಇದೆಯೆನ್ನಿ. ಹಾಡುಗಾರ ಒಂದು ಗೇಣು ಹಿಂದೆ ಸರಿದರೆ ದನಿ ಅರ್ಧಕ್ಕಿಂತಲೂ ಕೆಳಗೆ. ಮೈಕಿನವ ಆಗ ಆಂಪ್ಲಿಫಾಯರಿನ ಗುಂಡಿ ತಿರುವುತ್ತಾನೆ. ತಿರುವಿದಷ್ಟೂ ಡಬ್ಬಿಯಿಂದ ಹೊರಟ ಶಬ್ದ ಮತ್ತೆ ಮೈಕಿಗೇ ನುಗ್ಗಿ, ಅಲ್ಲಿಂದ ಮತ್ತೆ ಡಬ್ಬಿಗೆ ಹೋಗಿ, ಕೊನೆಗೆ ಎಲ್ಲರಿಗೂ ಪರಿಚಿತವಾದ ಆ ‘ಕುಂಯ್’ ಹೊರಡುತ್ತದೆ. ಕಿವಿಗೆ ಸಿಕ್ಕಿಸಿದ ಮೈಕಾದರೋ ಬಾಯಿಯ ಮೂಲೆಯಿಂದ 3 ಸೆಂಟಿಮೀಟರಿನಲ್ಲೇ ಇರುತ್ತದೆ. ಐದರಷ್ಟು ಹತ್ತಿರ, ಅಂದರೆ ಸುಮಾರು 14 ಡೆಸಿಬೆಲ್ ಲಾಭ. ತಲೆ ಎತ್ತ ತಿರುಗಿದರೂ ಮೈಕು ಜೊತೆಗೇ ತಿರುಗುತ್ತದೆ. ಗುಂಡಿ ಅಷ್ಟು ಏರಿಸಬೇಕಿಲ್ಲ, ಕಿರುಚಬೇಕಾಗಿಯೂ ಇಲ್ಲ.

ಕಣ್ಣು ಕಾಣದ ಗಾಯಕನಿಗೆ ಇದರ ಬೆಲೆ ಇನ್ನೂ ಹೆಚ್ಚು. ಸ್ಟ್ಯಾಂಡಿನ ಮೈಕು ಎಲ್ಲಿದೆ ಎಂದು ಅವನು ಕೈಯಿಂದ ತಡವಿ ನೋಡಬೇಕು, ಇಲ್ಲವೇ ತುಟಿ ತಗುಲಿಸಿ ತಿಳಿಯಬೇಕು. ನಡುವೆ ಯಾರಾದರೂ ಹೂ ಹಾಕಲು ಬಂದು ಸ್ಟ್ಯಾಂಡು ಸರಿಸಿದರೆ ಅದು ಅವನಿಗೆ ತಿಳಿಯುವುದು ದನಿ ಬಿದ್ದ ಮೇಲೆಯೇ. ಕಿವಿಯ ಮೈಕನ್ನು ಮನೆಯಲ್ಲಿ ಒಮ್ಮೆ ಬೆರಳಿನಿಂದ ಅಳೆದು ಕೂರಿಸಿಕೊಂಡರೆ ಮುಗಿಯಿತು.

ಇಷ್ಟು ಚಿಕ್ಕ ಮೈಕು ಸಾಧ್ಯವಾದದ್ದು ಹೇಗೆ? 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ಎಂಬಿಬ್ಬರು, ವಿದ್ಯುದಂಶವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುವ ತೆಳು ಪ್ಲಾಸ್ಟಿಕ್ ಹಾಳೆಯಿಂದ ಮೈಕು ಮಾಡಿದರು. ಇದೇ ಇಲೆಕ್ಟ್ರೆಟ್ ಮೈಕು. ಇಂದು ಕಿಸೆಯ ಮೊಬೈಲಿನಲ್ಲಿರುವುದೂ ಇದರ ವಂಶದ್ದೇ. ಅದನ್ನು ಹಾಡುಗಾರರ ಮುಖಕ್ಕೆ ಕಟ್ಟಿದ ಕಥೆ ಮಜವಾಗಿದೆ. 1979ರಲ್ಲಿ ಇಂಗ್ಲೆಂಡಿನ ಗಾಯಕಿ ಕೇಟ್ ಬುಷ್‌ಗೆ ಕುಣಿಯುತ್ತ ಹಾಡಬೇಕಾಗಿತ್ತು. ಅವರ ಧ್ವನಿ ತಂತ್ರಜ್ಞ ಬಟ್ಟೆ ತೂಗುಹಾಕುವ ತಂತಿಯ ಹ್ಯಾಂಗರನ್ನು ಬಗ್ಗಿಸಿ ಅದಕ್ಕೆ ಮೈಕು ಸಿಕ್ಕಿಸಿಕೊಟ್ಟ. ಕುಣಿಯುತ್ತ ಹಾಡುವುದು ನಮ್ಮ ಕೀರ್ತನಕಾರರಿಗೆ ಹೊಸದೇನಲ್ಲ ಬಿಡಿ. ಹ್ಯಾಂಗರು ಬಗ್ಗಿಸುವವರು ಇರಲಿಲ್ಲ, ಅಷ್ಟೇ.

ಮೈಕಿನ ತಂತಿ ಸೊಂಟದ ಪುಟ್ಟ ಡಬ್ಬಿಗೆ ಹೋಗುತ್ತದೆ. ಆ ಡಬ್ಬಿಯೇ ಒಂದು ಚಿಕ್ಕ ಆಕಾಶವಾಣಿ. ಅದು ಬಿತ್ತರಿಸಿದ್ದನ್ನು ವೇದಿಕೆಯ ಬದಿಯ ಗ್ರಾಹಕಯಂತ್ರ ಹಿಡಿದು ಆಂಪ್ಲಿಫಾಯರಿಗೆ ಕೊಡುತ್ತದೆ. ತೊಂದರೆಗಳು ಶುರುವಾಗುವುದೂ ಇಲ್ಲಿಂದಲೇ. ಜಾತ್ರೆಯಲ್ಲಿ ಅಕ್ಕಪಕ್ಕ ಎರಡು ಪೆಂಡಾಲು, ಎರಡರಲ್ಲೂ ಒಂದೇ ಕಂಪನಾಂಕದ ಅಗ್ಗದ ಮೈಕು ಇದ್ದರೆ ಏನಾದೀತು? ಎಫ್.ಎಂ. ಗ್ರಾಹಕದ ಸ್ವಭಾವವೇ ಜೋರಾದದ್ದನ್ನು ಹಿಡಿದು ಕ್ಷೀಣವಾದದ್ದನ್ನು ಬಿಡುವುದು. ಇಲ್ಲಿನ ತತ್ವಪದ ಅಲ್ಲಿ, ಅಲ್ಲಿನ ಹರಾಜಿನ ಕೂಗು ಇಲ್ಲಿ! ಕಂಪನಾಂಕ ಬದಲಿಸಬಹುದಾದ ಸೆಟ್ಟು ಕೊಳ್ಳುವುದು ಇದಕ್ಕೇ.

ಆಕಾಶದಲ್ಲೂ ಈಗ ಜಾಗಕ್ಕೆ ಜಗಳ. 700 ಮೆಗಾಹರ್ಟ್ಸ್ ಆಚೀಚಿನ ಪಟ್ಟಿಯಲ್ಲಿ ಕೆಲಸ ಮಾಡುತ್ತಿದ್ದ ಹಳೆಯ ಮೈಕುಗಳನ್ನು ಅಮೆರಿಕ 2010ರ ಜೂನ್‌ನಲ್ಲೇ ನಿಷೇಧಿಸಿತು. ನಮ್ಮಲ್ಲಿ ಆ ಪಟ್ಟಿ 2022ರ ಹರಾಜಿನಲ್ಲಿ ಮೊಬೈಲ್ ಕಂಪನಿಗೆ ಹೋಯಿತು. ಹತ್ತು ವರ್ಷ ಚೆನ್ನಾಗಿದ್ದ ಸೆಟ್ಟು ಇದ್ದಕ್ಕಿದ್ದಂತೆ ಗೊರಗೊರ ಎಂದರೆ ಮೈಕಿನವನನ್ನು ಬೈಯುವ ಮೊದಲು ಸೆಟ್ಟಿನ ಹಿಂದೆ ಬರೆದ ಅಂಕಿ ನೋಡುವುದು ಒಳಿತು. 2.4 ಗಿಗಾಹರ್ಟ್ಸ್ ಪಟ್ಟಿಗೆ 2005ರಿಂದ ಲೈಸೆನ್ಸು ಬೇಕಿಲ್ಲ. ಹೊಸ ಡಿಜಿಟಲ್ ಮೈಕುಗಳಲ್ಲಿ ಹಲವು ಇದರಲ್ಲೇ ಇವೆ. ಆದರೆ ವೈಫೈ, ಬ್ಲೂಟೂತ್ ಇರುವುದೂ ಇದೇ ಓಣಿಯಲ್ಲಿ. ಸಾಲದ್ದಕ್ಕೆ ಈ ಅಲೆಯನ್ನು ನೀರು ಚೆನ್ನಾಗಿ ಹೀರುತ್ತದೆ. ಮನುಷ್ಯನ ದೇಹದಲ್ಲಿ ಹೆಚ್ಚಿನ ಪಾಲು ನೀರೇ. ಗ್ರಾಹಕವನ್ನು ಜನಸಂದಣಿಯ ಆಚೆ ಇಟ್ಟರೆ ಸಂಜೆ ಐದಕ್ಕೆ ಖಾಲಿ ಪೆಂಡಾಲಿನಲ್ಲಿ ಸರಿಯಿದ್ದ ಮೈಕು ಎಂಟಕ್ಕೆ ಕಡಿಕಡಿದು ಬರುತ್ತದೆ. ಅದನ್ನು ವೇದಿಕೆಯ ಮೇಲೇ, ಎತ್ತರದಲ್ಲಿ, ಸೊಂಟದ ಡಬ್ಬಿಗೆ ಕಾಣುವಂತೆ ಇಡಬೇಕು. ತಗಡಿನ ಪೆಂಡಾಲಿನಲ್ಲಿ ಅಲೆಗಳು ಪುಟಿದು ಒಂದನ್ನೊಂದು ಅಳಿಸುವ ಸತ್ತ ಜಾಗಗಳೂ ಇರುತ್ತವೆ. ಎರಡು ಆಂಟೆನಾಗಳ ಗ್ರಾಹಕವಾದರೆ ಒಂದಕ್ಕೆ ಸಿಗದ್ದು ಇನ್ನೊಂದಕ್ಕೆ ಸಿಗುತ್ತದೆ. ಬ್ಲೂಟೂತಿನ ಅಗ್ಗದ ಮೈಕು ಮಾತ್ರ ಬೇಡವೇ ಬೇಡ. ಅದರಲ್ಲಿ ದನಿ ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು, ಕೆಲವೊಮ್ಮೆ ಇನ್ನೂ ತಡವಾಗಿ ಬರಬಹುದು. ಅಷ್ಟರಲ್ಲಿ ಗಾಳಿಯಲ್ಲಿ ಶಬ್ದ 34 ಮೀಟರ್ ಹೋಗಿರುತ್ತದೆ. ಬಾಯಿ ಒಂದು ಕಡೆ, ತಾಳ ಒಂದು ಕಡೆ.

ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆಷಾಢದಲ್ಲಿ ಶಿರಹಟ್ಟಿ, ಮುಂಡರಗಿ ಕಡೆ ಬಯಲು ವೇದಿಕೆಯಲ್ಲಿ ಹಾಡುವವನು ಮೈಕಿನ ಸ್ಪಂಜಿನ ಟೊಪ್ಪಿಗೆಯನ್ನು ಮನೆಯಲ್ಲಿ ಮರೆತರೆ ಕೇಳುಗರಿಗೆ ಗಾಳಿಯದೇ ಆಲಾಪ. ಮೈಕು ತುಟಿಯ ನೇರಕ್ಕೆ ಬಂದರೆ ಪ, ಭ ಬಂದಾಗಲೆಲ್ಲ ಗುಂಡು ಹಾರಿದಂತಾಗುತ್ತದೆ. ಬಾಯಿಯ ಮೂಲೆಯೇ ಅದರ ಜಾಗ. ಬೆವರಿಗೆ ಅದು ಜಾರುತ್ತದೆ. ಎರಡು ಸೆಂಟಿಮೀಟರ್ ನಾಲ್ಕಾದರೆ ದನಿ ಅರ್ಧವಾದಂತೆ. ಆದ್ದರಿಂದ ಕೆನ್ನೆಗೆ ಆಸ್ಪತ್ರೆಯ ಅಂಟುಪಟ್ಟಿಯ ಚೂರೊಂದು ಬೇಕೇಬೇಕು. ಕೀರ್ತನಕಾರರು ಪೇಟ ಸುತ್ತುವ ಮೊದಲೇ ಮೈಕು ಹಾಕಿಕೊಳ್ಳಬೇಕು. ದೋತರಕ್ಕೆ ಬೆಲ್ಟಿಲ್ಲವಾದ್ದರಿಂದ ಡಬ್ಬಿ ಅಂಗಿಯ ಬಗಲ ಕಿಸೆಗೆ. ಎಲ್ಲಕ್ಕಿಂತ ದೊಡ್ಡ ಗಂಡಾಂತರ ಸನ್ಮಾನ! ಶಾಲು, ಮಾಲೆ ಒಂದರ ಮೇಲೊಂದು ಬೀಳುವಾಗ ಮೈಕು ಚಾಲೂ ಇದ್ದರೆ ಡಬ್ಬಿಯಲ್ಲಿ ಗುಡುಗು. ತಬಲಾದವನಿಗೆ ಪಿಸುಗುಟ್ಟಿದ ಖಾಸಗಿ ಮಾತು, ನೀರು ಗುಟುಕರಿಸಿದ್ದು, ಕೆಮ್ಮಿದ್ದು ಎಲ್ಲವೂ ಊರಿಗೆಲ್ಲ ಕೇಳುತ್ತದೆ. ಒಬ್ಬನೇ ಎಲ್ಲ ನಿಭಾಯಿಸುವವನು ಡಬ್ಬಿಯ ಗುಂಡಿಯನ್ನು ಬೆರಳಿನಿಂದಲೇ ಗುರುತಿಸಲು ಕಲಿಯಬೇಕು.

ಹಾಗಾದರೆ ಖಯಾಲ್ ಹಾಡುವವರು ಇದನ್ನೇಕೆ ಒಲ್ಲರು? ಕಾರಣ ಉಂಟು. ತಾರಸ್ಥಾಯಿಗೆ ಏರುವಾಗ ಮೈಕಿನಿಂದ ಹಿಂದೆ ಸರಿಯುವುದು, ಮಂದ್ರಕ್ಕೆ ಇಳಿಯುವಾಗ ಹತ್ತಿರ ಬಾಗುವುದು ಅವರ ಕಲೆಯ ಭಾಗವೇ ಆಗಿದೆ. ಗದುಗಿನ ನೆಲದ ಭೀಮಸೇನ ಜೋಶಿಯವರು (1922-2011) ತಾನಿನ ಜೊತೆ ಮೈಯನ್ನೂ ಹರಿಯಬಿಡುತ್ತಿದ್ದುದನ್ನು ನೋಡಿದವರಿಗೆ ಇದು ಗೊತ್ತು. ಕಿವಿಗೆ ಕಟ್ಟಿದ ಮೈಕಿನಿಂದ ಹಿಂದೆ ಸರಿಯುವುದಾದರೂ ಎಲ್ಲಿಗೆ? ಏರಿಳಿತವನ್ನೆಲ್ಲ ಗಂಟಲೇ ನೋಡಿಕೊಳ್ಳಬೇಕು, ಇಲ್ಲವೇ ಯಂತ್ರಕ್ಕೆ ಒಪ್ಪಿಸಬೇಕು. ಯಂತ್ರ ಏರಿದ್ದನ್ನು ತಗ್ಗಿಸುತ್ತದೆ ನಿಜ, ಆದರೆ ಅದಕ್ಕೆ ರಾಗ ಗೊತ್ತಿಲ್ಲ. ಭಜನೆ, ವಚನ, ತತ್ವಪದ, ಕೀರ್ತನೆಗಳಿಗೆ ಇದು ಒಪ್ಪುತ್ತದೆ. ಬೈಠಕ್ಕಿಗೆ ಸ್ಟ್ಯಾಂಡೇ ಇರಲಿ.

ಬೆಲೆ ಕೆಲವು ನೂರು ರೂಪಾಯಿಯಿಂದ ಲಕ್ಷ ದಾಟುವವರೆಗೂ ಇದೆ. ಒಂದು ಕಂಪನಿಯ ಮೈಕಿನ ಪಿನ್ನು ಇನ್ನೊಂದರ ಡಬ್ಬಿಗೆ ಸೇರದಿರುವುದೇ ಹೆಚ್ಚು. ಡಬ್ಬಿ ಒಯ್ದು ಸಿಕ್ಕಿಸಿ ನೋಡಿಯೇ ಕೊಳ್ಳಬೇಕು. ತಂತಿಯ ಮೈಕು ಒಂದು ಚೀಲದಲ್ಲಿ ಇರಲೇಬೇಕು. ಇನ್ನು ಸೆಲ್ಲು. ಅದು ಮುಗಿಯುತ್ತ ಬಂದಾಗ ಡಬ್ಬಿಯ ಮೇಲೆ ಕೆಂಪು ದೀಪ ಹತ್ತುತ್ತದೆ. ಕಣ್ಣಿಲ್ಲದ ಗವಾಯಿಗೆ ಆ ದೀಪದಿಂದ ಏನು ಪ್ರಯೋಜನ? ಅವನಿಗೆ ಲೆಕ್ಕವೇ ದಿಕ್ಕು: ಕಾರ್ಯಕ್ರಮಕ್ಕೊಮ್ಮೆ ಹೊಸ ಸೆಲ್ಲು, ತೆಗೆದ ಹಳೆಯದು ಮನೆಯ ಗೋಡೆ ಗಡಿಯಾರಕ್ಕೆ.