ಚೆಂಡುಹೂವಿನ ಬೇರಿನ ದ್ರವ್ಯವೂ ಅಂಗಾಂಶ ಕೃಷಿಯೂ

ಚೆಂಡುಹೂವು ನಮ್ಮ ಬಾಗಿಲ ತೋರಣಕ್ಕೂ ದೇವರ ಮಾಲೆಗೂ ಸಹಜವಾಗಿ ಒದಗಿಬಂದಿದ್ದರೂ ಅದು ಮೆಕ್ಸಿಕೋ ಪ್ರಾಂತದಿಂದ ಬಂದ ಗಿಡ; ಪಂಪ ರನ್ನರ ಕಾಲದಲ್ಲಿ ಅದು ಈ ನೆಲದಲ್ಲಿರಲಿಲ್ಲ. ಅದರ ದಳಗಳಲ್ಲಿ ಲ್ಯೂಟೀನೆಂಬ ಹಳದಿಯ ವರ್ಣದ್ರವ್ಯವೂ, ಬೇರುಗಳಲ್ಲಿ ಗಂಧಕವನ್ನೊಳಗೊಂಡ ಥಯೋಫೀನ್ ವರ್ಗದ ದ್ರವ್ಯಗಳೂ ಶೇಖರವಾಗುವುವು. ವರ್ಣದ್ರವ್ಯಕ್ಕಾಗಿ ಗುಂಡ್ಲುಪೇಟೆಯ ಕಡೆ ಹೊಲಹೊಲಗಳಲ್ಲಿ ಈ ಹೂವನ್ನು ಬೆಳೆಯುವರು. ಬೇರಿನ ದ್ರವ್ಯದ ವಿಚಾರವು ಇದಕ್ಕಿಂತ ಜಟಿಲವಾದುದು.

ಥಯೋಫೀನುಗಳಲ್ಲಿ ಮುಖ್ಯವಾದ ಆಲ್ಫಾ-ಟರ್ಥೈನಿಲನ್ನು ಜೆಕ್‌ಮೈಸ್ಟರ್ ಮತ್ತು ಸೀಸ್ ಎಂಬವರು 1947ರಲ್ಲಿ ಚೆಂಡುಹೂವಿನಿಂದ ಬೇರ್ಪಡಿಸಿದರು. ಅದು ಬೇರುಗಳಿಗೆ ಹಾನಿಮಾಡುವ ಜಂತುಹುಳುಗಳನ್ನು ಕೊಲ್ಲಬಲ್ಲುದೆಂದು 1958ರಲ್ಲಿ ಹಾಲೆಂಡಿನ ವಿಜ್ಞಾನಿಗಳು ತಿಳಿಸಿದರು.

ಬೆಂಗಳೂರಿನ ಉತ್ತರಕ್ಕೆ, ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ನೆರೆಯಲ್ಲಿರುವ ಅಲ್ಲಾಳಸಂದ್ರವು ಹಿಂದೆ ಹೊಲಗದ್ದೆಗಳ ನಡುವಣ ಹಳ್ಳಿಯಾಗಿತ್ತು. ಇಂದು ನಗರದ ಭಾಗವಾಗಿದೆ. ಹೀಗೆ ಉಳುವ ನೆಲವು ಕುಗ್ಗುತ್ತಿರುವೆಡೆಯಲ್ಲಿ, ಗಿಡದ ದ್ರವ್ಯವನ್ನು ಹೊಲವಿಲ್ಲದೆ ಪಡೆಯಬಹುದೇ ಎಂಬ ಪ್ರಶ್ನೆಯು ಕೇವಲ ಕುತೂಹಲದ್ದಲ್ಲ.

ಅಂಗಾಂಶ ಕೃಷಿಯು ಇದಕ್ಕೆ ಒಂದು ಮಾರ್ಗ. ಗಿಡದ ಒಂದು ತುಣುಕನ್ನು ಕ್ರಿಮಿಶುದ್ಧಿ ಮಾಡಿ, ಲವಣ, ಸಕ್ಕರೆ ಮತ್ತು ಸಸ್ಯಚೋದಕಗಳುಳ್ಳ ಆಹಾರದ ಮೇಲಿರಿಸಿದರೆ ಜೀವಕೋಶಗಳು ವೃದ್ಧಿಯಾಗುವುವು. ಆಕ್ಸಿನ್ ಹೆಚ್ಚಾದರೆ ಬೇರೂ, ಸೈಟೋಕೈನಿನ್ ಹೆಚ್ಚಾದರೆ ಚಿಗುರೂ, ಎರಡೂ ಸಮತೂಕವಾಗಿದ್ದರೆ ಕ್ಯಾಲಸೆಂಬ ರೂಪವಿಲ್ಲದ ಮುದ್ದೆಯೂ ಹುಟ್ಟುವುದೆಂದು ಸ್ಕೂಗ್ ಮತ್ತು ಮಿಲ್ಲರ್ 1957ರಲ್ಲಿ ತೋರಿಸಿದರು. ಕ್ಯಾಲಸನ್ನು ಬೆಳೆಸುವುದು ಸುಲಭ. ಆದರೆ 1980ರ ದಶಕದ ಪ್ರಯೋಗಗಳಲ್ಲಿ ಚೆಂಡುಹೂವಿನ ಕ್ಯಾಲಸಿನಲ್ಲಿ ಥಯೋಫೀನು ಅತ್ಯಲ್ಪವಾಗಿ ಕಂಡುಬಂದಿತು. ಕೋಶದಲ್ಲಿ ಗಿಡದ ಸಮಸ್ತ ಆನುವಂಶಿಕ ಸಾಮಗ್ರಿಯಿದ್ದರೂ, ಬೇರಿನ ರೂಪವನ್ನು ಕಳೆದುಕೊಂಡೊಡನೆ ಬೇರಿನ ಕಾರ್ಯವೂ ಕುಂದಿತು.

ಆದುದರಿಂದ ಸಂಶೋಧಕರು ಬೇರನ್ನೇ ಬೆಳೆಸಲು ತೊಡಗಿದರು. ಅಗ್ರೋಬ್ಯಾಕ್ಟೀರಿಯಮ್ ರೈಜೋಜೀನಿಸ್ ಎಂಬ ಸೂಕ್ಷ್ಮಜೀವಿಯು ತನ್ನ ಆನುವಂಶಿಕ ದ್ರವ್ಯದ ಒಂದಂಶವನ್ನು ಗಿಡದ ಕೋಶದೊಳಗೆ ಸೇರಿಸುವುದರಿಂದ, ಗಾಯವಾದ ಸ್ಥಳದಲ್ಲಿ ಕೂದಲಿನಂಥ ಬೇರುಗಳು ಒತ್ತಾಗಿ ಹೊರಡುವುವು. ಇವು ಹೊರಗಿನ ಚೋದಕವಿಲ್ಲದೆಯೇ ದ್ರವದಲ್ಲಿ ಬೆಳೆದು ಥಯೋಫೀನುಗಳನ್ನು ಉತ್ಪಾದಿಸುವುವು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸಣ್ಣ ಚೆಂಡುಹೂವಿನ ಇಂಥ ಬೇರುಗಳಿಗೆ ತಕ್ಕ ಪಾತ್ರೆಯು ಯಾವುದೆಂಬುದನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದರು.

ಪಾತ್ರೆಯ ವಿಚಾರವೇ ಇಲ್ಲಿಯ ತೊಡಕು. ಬೇರುಗಳು ಬೆಳೆದಂತೆ ಒಂದಕ್ಕೊಂದು ಹೆಣೆದುಕೊಂಡು ಗೊಂಚಲಾಗುವುವು; ಒಳಗಿನವಕ್ಕೆ ಆಮ್ಲಜನಕವು ಸಾಲದೆ ಹೋಗುವುದು. ಕಲಕಿದರೆ ಅವು ಹರಿದುಹೋಗುವುವು. ರೂಪವನ್ನು ಉಳಿಸಿದುದರಿಂದ ದ್ರವ್ಯವು ದೊರಕಿತು; ಆ ರೂಪವೇ ಪಾತ್ರೆಯನ್ನು ಹಿಗ್ಗಿಸಲು ಅಡ್ಡಿಯಾಯಿತು. ಹೊಲದ ಮಣ್ಣಾದರೋ ಬೇರಿಗೆ ಗಾಳಿ, ನೀರು, ಆಸರೆಗಳನ್ನು ಒಟ್ಟಿಗೇ ಒದಗಿಸುವುದು. ಈ ಮೂರನ್ನೂ ಮಿತವ್ಯಯದಲ್ಲಿ ಒದಗಿಸಬಲ್ಲ ಪಾತ್ರೆಯು ಸಿದ್ಧವಾಗುವವರೆಗೆ ಪ್ರಯೋಗಶಾಲೆಯು ಹೊಲದ ಸ್ಥಾನವನ್ನು ತೆಗೆದುಕೊಳ್ಳಲಾರದು.